ಗುಂಡಿ ಹಾಕಿಕೊಳ್ಳಲು ಒದ್ದಾಡುವ ಮಗು

ಮಾತಿನಲ್ಲಿ ಚುರುಕು, ಲೆಕ್ಕದಲ್ಲೂ ಮುಂದು. ಆದರೆ ಆರು ವರ್ಷವಾದರೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ, ಎಸೆದ ಚೆಂಡು ಕೈಗೆ ಸಿಗುವುದಿಲ್ಲ, ಲೋಟದ ನೀರು ಚೆಲ್ಲುತ್ತಲೇ ಇರುತ್ತದೆ. ಇಂಥ ಮಗುವನ್ನು ಸೋಮಾರಿ ಎಂದು ಬೈಯುವುದು ದೊಡ್ಡ ಅನ್ಯಾಯ. ಮೈಕೈ ಚಲನೆಗಳ ಹೊಂದಾಣಿಕೆ ವಯಸ್ಸಿಗೆ ತಕ್ಕಂತೆ ಬೆಳೆಯದ ಈ ತೊಂದರೆಯನ್ನು ವೈದ್ಯರು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ (ಡಿಸಿಡಿ) ಎನ್ನುತ್ತಾರೆ. 5ರಿಂದ 11 ವರ್ಷದ ಮಕ್ಕಳಲ್ಲಿ ನೂರಕ್ಕೆ ಐದಾರು ಮಂದಿಗೆ ಇದು ಇರುತ್ತದೆ. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಇಬ್ಬರಿಗೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಇನ್ನೂ ಹೆಚ್ಚು.

ಕೈ ಚಾಚುವ ಮೊದಲೇ ಮಿದುಳು ಆ ಚಲನೆ ಹೇಗಿರುತ್ತದೆಂದು ಅಂದಾಜು ಹಾಕುತ್ತದೆ, ತಪ್ಪಿದರೆ ಕ್ಷಣಾರ್ಧದಲ್ಲಿ ತಿದ್ದುತ್ತದೆ. ಇದರಲ್ಲಿ ಕಿರುಮಿದುಳಿನ ಪಾತ್ರ ದೊಡ್ಡದು. ಡಿಸಿಡಿ ಇರುವ ಮಕ್ಕಳಲ್ಲಿ ಈ ಮುನ್ನಂದಾಜು ದುರ್ಬಲವಾಗಿರುತ್ತದೆ ಎಂಬುದು ಸಂಶೋಧಕರ ಪ್ರಮುಖ ವಿವರಣೆ. ಹಾಗಾಗಿ ನಮಗೆ ಅಭ್ಯಾಸಬಲದಿಂದ ಆಗುವ ಕೆಲಸವನ್ನು ಆ ಮಗು ಪ್ರತಿ ಸಲವೂ ಕಣ್ಣಿಟ್ಟು, ಯೋಚಿಸಿ ಮಾಡಬೇಕು. ಸಂಜೆಯ ಹೊತ್ತಿಗೆ ಅದು ಸುಸ್ತಾಗುವುದು ಸುಮ್ಮನೆ ಅಲ್ಲ.

ಹಾಗಾದರೆ ಏನು ಮಾಡಬೇಕು? ಬೆರಳಿಗೆ ಬಲ ಬರಲೆಂದು ಸ್ಪಂಜು ಹಿಂಡಿಸಿದರೆ ಗುಂಡಿ ಹಾಕಲು ತಾನಾಗಿ ಬಂದೀತೆಂದು ನಂಬುವಂತಿಲ್ಲ. ಗುಂಡಿ ಹಾಕುವುದನ್ನೇ ಕಲಿಸಬೇಕು. ಡಿಸಿಡಿ ಕುರಿತ 2019ರ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಒಲವೂ ಹೀಗೆ ಕೆಲಸವನ್ನೇ ನೇರವಾಗಿ ಅಭ್ಯಾಸ ಮಾಡಿಸುವ ಕಡೆಗಿದೆ.

ಮೊದಲು ದೊಡ್ಡ ಗುಂಡಿಯ, ಕಾಜ ತುಸು ಸಡಿಲವಿರುವ ಅಂಗಿ ಆರಿಸಿ. ಮಗುವನ್ನು ಪಾದ ನೆಲಕ್ಕೆ ಊರುವಂತೆ ಕೂರಿಸಿ. ಕಣ್ಣಿಗೆ ಚೆನ್ನಾಗಿ ಕಾಣುವ ಕೆಳಗಿನ ಗುಂಡಿಯಿಂದ ಶುರುಮಾಡಿ. ಅರ್ಧ ತೂರಿಸುವವರೆಗೆ ನೀವೇ ಮಾಡಿ, ಕೊನೆಯಲ್ಲಿ ಎಳೆಯುವುದನ್ನು ಮಾತ್ರ ಮಗುವಿಗೆ ಬಿಡಿ. ಅದು ಕೈಗೆ ಹತ್ತಿದ ಮೇಲೆ ಅದರ ಹಿಂದಿನ ಹೆಜ್ಜೆಗಳನ್ನೂ ಒಂದೊಂದಾಗಿ ಮಗುವಿಗೇ ಬಿಡುತ್ತಾ ಹೋಗಿ. ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವ ಹೊತ್ತಿನಲ್ಲಿ ಬೇಡ. ರಜೆಯ ದಿನ, ಸ್ವಲ್ಪವೇ ಹೊತ್ತು ಸಾಕು.

ಕೆನಡಾದಲ್ಲಿ ರೂಪುಗೊಂಡ ಕೋ-ಆಪ್ ಎಂಬ ವಿಧಾನ ನನಗೆ ತುಂಬ ಹಿಡಿಸಿದೆ. ಅಲ್ಲಿ ಏನು ಕಲಿಯಬೇಕೆಂದು ಹೇಳುವುದು ಮಗುವೇ: ಸೈಕಲ್ಲೋ, ಕುಂಟೆಬಿಲ್ಲೆಯೋ. ಹೇಗೆ ಮಾಡುವುದೆಂದು ಅದೇ ಯೋಚಿಸುತ್ತದೆ, ಮಾಡಿ ನೋಡುತ್ತದೆ, ಸರಿಹೋಯಿತೇ ಎಂದು ತಾನೇ ಪರೀಕ್ಷಿಸುತ್ತದೆ. ದೊಡ್ಡವರು "ಹೀಗೆ ಹಿಡಿ" ಎನ್ನುವ ಬದಲು "ಎಲ್ಲಿ ಜಾರಿತು ಪುಟ್ಟಾ?" ಎಂದು ಕೇಳಿ ಕಾಯುತ್ತಾರೆ.

ಸಾಮಾನ್ಯವಾಗಿ ಐದು ವರ್ಷಕ್ಕೆ ಮುಂಚೆ ಡಿಸಿಡಿ ಎಂದು ನಿರ್ಧರಿಸುವುದಿಲ್ಲ. ಆದರೆ ಅನುಮಾನ ಬಂದರೆ ಮಕ್ಕಳ ವೈದ್ಯರನ್ನೂ ದಿನನಿತ್ಯದ ಕೆಲಸಗಳನ್ನು ಮಾಡಲು ತರಬೇತಿ ಕೊಡುವ ಆಕ್ಯುಪೇಷನಲ್ ಥೆರಪಿಸ್ಟರನ್ನೂ ಕಾಣಲು ಅಲ್ಲಿಯವರೆಗೆ ಕಾಯಬೇಕಿಲ್ಲ. ಮೊದಲು ಬರುತ್ತಿದ್ದ ಕೆಲಸ ಈಗ ಮರೆತುಹೋಗುತ್ತಿದ್ದರೆ ಅದು ಡಿಸಿಡಿ ಲಕ್ಷಣವಲ್ಲ. ತಡಮಾಡದೆ ವೈದ್ಯರಿಗೆ ತೋರಿಸಿ.