ಕೋಡಿಂಗ್ ಬಾರದ ಬಿ.ಕಾಂ. ಹುಡುಗಿಗೆ ಟೆಕ್ ಕಂಪನಿಯಲ್ಲಿ ಏನು ಕೆಲಸ?

ಪ್ರಶ್ನೆ: ಸರ್, ಮಗಳು ಗೋಣಿಕೊಪ್ಪದಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳೆ. ದೊಡ್ಡ ಟೆಕ್ ಕಂಪನಿಯೊಂದರಲ್ಲಿ ಒಂದು ವರ್ಷದ ಫೈನಾನ್ಸ್ ಇಂಟರ್ನ್‌ಶಿಪ್ ಇದೆಯಂತೆ. ಅವಳಿಗೆ ಕೋಡಿಂಗ್ ಬರುವುದಿಲ್ಲ. ಮೊದಲು ಪೈಥಾನ್ ಕ್ಲಾಸಿಗೆ ಸೇರಿಸಿ, ಆಮೇಲೆ ಅರ್ಜಿ ಹಾಕಿಸಿದರೆ ಒಳ್ಳೆಯದಾ?

ಉತ್ತರ: ಬೇಡ. ಈಗಲೇ ಅರ್ಜಿ ಹಾಕಿಸಿ. ಕ್ಲಾಸಿನ ದುಡ್ಡು ಉಳಿಸಿಕೊಳ್ಳಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸಿದರೆ ಇದೇ ಪ್ರಶ್ನೆ ವಿರಾಜಪೇಟೆಯಿಂದ ಬರುತ್ತದೆ, ಆಮೇಲೆ ಸೋಮವಾರಪೇಟೆಯಿಂದ, ಆಮೇಲೆ ಕುಶಾಲನಗರದಿಂದ, ಊರು ಬೇರೆ, ಪ್ರಶ್ನೆ ಅದೇ. ಹಾಗಾಗಿ ಒಂದು ಸಲ ಪೂರ್ತಿ ಹೇಳಿಬಿಡುತ್ತೇನೆ.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಕೊಡಗಿನ ಮನೆಗಳಲ್ಲಿ ಐಟಿ ಕಂಪನಿ ಅಂದರೆ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸು, ಅಲ್ಲಿ ಟ್ರೈನಿಂಗ್ ಮಾಡಿದ ಅಣ್ಣನ ಮಗ, ಅವನು ಇಂಜಿನಿಯರ್. ಕಣ್ಣಿಗೆ ಕಂಡವರೆಲ್ಲ ಇಂಜಿನಿಯರ್‌ಗಳೇ. ಆದ್ದರಿಂದ ಅಲ್ಲಿ ಬೇರೆ ಯಾರೂ ಇಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಅಷ್ಟು ಸಾವಿರ ಜನಕ್ಕೆ ತಿಂಗಳ ಸಂಬಳ ಲೆಕ್ಕ ಹಾಕುವವರು ಯಾರು? ಅಮೆರಿಕದ ಗಿರಾಕಿಗೆ ಬಿಲ್ ಕಳಿಸುವವರು ಯಾರು? ಟ್ಯಾಕ್ಸ್ ಕಟ್ಟುವವರು ಯಾರು? ಕಂಪ್ಯೂಟರ್ ತಾನೇ ಮಾಡಿಕೊಳ್ಳುತ್ತದೆ ಅಂತ ಒಬ್ಬರು ತಂದೆ ನನಗೆ ಗಂಭೀರವಾಗಿಯೇ ಹೇಳಿದರು. ಇಲ್ಲ, ಮಾಡಿಕೊಳ್ಳುವುದಿಲ್ಲ.

ದೊಡ್ಡವರಿಂದಲೇ ಶುರು ಮಾಡೋಣ. ಇನ್ಫೋಸಿಸ್ 1999ರಲ್ಲಿ ಅಮೆರಿಕದ ಷೇರುಪೇಟೆ ನಾಸ್ಡಾಕ್‌ನಲ್ಲಿ ಲಿಸ್ಟ್ ಆದಾಗ ಅದರ ಸಿಎಫ್‌ಒ, ಅಂದರೆ ಹಣಕಾಸಿನ ಮುಖ್ಯಸ್ಥ, ಆಗಿದ್ದವರು ಟಿ. ವಿ. ಮೋಹನ್‌ದಾಸ್ ಪೈ. ಬೆಂಗಳೂರಲ್ಲಿ ಬಿ.ಕಾಂ. ಓದಿ ಸಿಎ ಮಾಡಿದವರು. ಮೈಕ್ರೋಸಾಫ್ಟ್‌ನಲ್ಲಿ 2013ರಲ್ಲಿ ಸಿಎಫ್‌ಒ ಆದ ಏಮಿ ಹುಡ್ ಓದಿದ್ದು ಅರ್ಥಶಾಸ್ತ್ರ, ಆಮೇಲೆ ಎಂಬಿಎ. ಆಪಲ್‌ನ ಲೆಕ್ಕವನ್ನು ಹತ್ತು ವರ್ಷಕ್ಕೂ ಜಾಸ್ತಿ ನೋಡಿಕೊಂಡ ಲೂಕಾ ಮೇಸ್ಟ್ರಿಯೂ ಅರ್ಥಶಾಸ್ತ್ರದವರೇ. ಅವರ ನಂತರ ಬಂದ ಕೆವನ್ ಪರೇಖ್ ಇಂಜಿನಿಯರಿಂಗ್ ಓದಿದವರು, ಅದನ್ನೂ ಹೇಳಬೇಕು. ಆದರೆ ಅವರೂ ಮೇಲೆ ಎಂಬಿಎ ಮಾಡಿಕೊಂಡೇ ಈ ಕಡೆ ಬಂದದ್ದು.

"ಅವರೆಲ್ಲ ದೊಡ್ಡವರು ಸರ್, ಇಂಟರ್ನ್‌ಗೆ ಏನು ಕೊಡ್ತಾರೆ?" ಅಂತ ಮುಂದಿನ ಪ್ರಶ್ನೆ. ಅವಳು ಪಿಯುಸಿಯಲ್ಲಿ ಬೈದುಕೊಂಡು ಮಾಡಿದ ಅಡ್ಜಸ್ಟ್‌ಮೆಂಟ್ ಲೆಕ್ಕಗಳನ್ನೇ ಕೊಡುತ್ತಾರೆ. ನಿಜವಾಗಿಯೂ.

ಒಂದು ಉದಾಹರಣೆ. ಗಿರಾಕಿಯೊಬ್ಬ ಕ್ಲೌಡ್ ಸೇವೆಗೆ ಜನವರಿ 1ರಂದು ಇಡೀ ವರ್ಷದ 12 ಲಕ್ಷ ರೂಪಾಯಿ ಒಟ್ಟಿಗೇ ಕಟ್ಟಿದ ಅಂತಿಟ್ಟುಕೊಳ್ಳಿ. ದುಡ್ಡು ಬ್ಯಾಂಕಿಗೆ ಬಂದಿದೆ. ಮಾರ್ಚ್ 31ಕ್ಕೆ ಕಂಪನಿ ಆದಾಯ ಅಂತ ತೋರಿಸಬಹುದಾದದ್ದು ಎಷ್ಟು? 3 ಲಕ್ಷ ಮಾತ್ರ. ಉಳಿದ 9 ಲಕ್ಷ ಬ್ಯಾಲೆನ್ಸ್ ಶೀಟ್‌ನಲ್ಲಿ ಹೊಣೆಯಾಗಿ ಕೂರುತ್ತದೆ, ಯಾಕೆಂದರೆ ಇನ್ನೂ ಒಂಬತ್ತು ತಿಂಗಳ ಸೇವೆ ಕೊಡುವುದು ಬಾಕಿ ಇದೆ. ನಾವು ಕಾಮರ್ಸ್ ಮೇಷ್ಟ್ರುಗಳು ಪಾಠ ಮಾಡುವ ಮುಂಗಡ ಬಂದ ಆದಾಯ ಇದೇ ಅಲ್ವಾ? ಇದನ್ನೇ ಹತ್ತು ಬಗೆಯ ಒಪ್ಪಂದಗಳಿಗೆ ಬಿಡಿಸಿ ಹೇಳುವ ಇಂಡ್ ಎಎಸ್ 115 ಅನ್ನುವ ಲೆಕ್ಕದ ನಿಯಮ 2018ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಜಾವಾದಲ್ಲಿ ಕೋಡ್ ಬರೆಯಬಲ್ಲವನಿಗೆ ಈ 9 ಲಕ್ಷ ಎಲ್ಲಿಗೆ ಹೋಯಿತು ಅಂತ ಹೊಳೆಯುವುದಿಲ್ಲ. ನಿಮ್ಮ ಮಗಳಿಗೆ ಹೊಳೆಯುತ್ತದೆ.

ಇನ್ನೊಂದು, ನನಗೆ ತುಂಬ ಇಷ್ಟವಾದದ್ದು. ಡೇಟಾ ಸೆಂಟರ್‌ನ ಸರ್ವರ್‌ಗಳನ್ನು ಮೈಕ್ರೋಸಾಫ್ಟ್ ಮೊದಲು ನಾಲ್ಕು ವರ್ಷ ಬಾಳುತ್ತವೆ ಅಂತ ಲೆಕ್ಕ ಹಾಕುತ್ತಿತ್ತು. 2022ರ ಜುಲೈನಿಂದ ಅದನ್ನು ಆರು ವರ್ಷ ಮಾಡಿತು. ಗೂಗಲ್‌ನ ಆಲ್ಫಾಬೆಟ್ ಕೂಡ 2023ರಲ್ಲಿ ನಾಲ್ಕನ್ನು ಆರು ಮಾಡಿತು. 12 ಕೋಟಿಯ ಸರ್ವರ್ ಅಂದರೆ ವರ್ಷದ ಸವಕಳಿ (ಬಳಸಿದಂತೆ ಇಳಿಯುವ ಬೆಲೆಯನ್ನು ಖರ್ಚಾಗಿ ಬರೆಯುವುದು) 3 ಕೋಟಿ ಇದ್ದದ್ದು 2 ಕೋಟಿಗೆ ಇಳಿಯಿತು, ಲಾಭ ಅಷ್ಟು ಮೇಲೆ ಬಂತು. ಆ ಕಂಪನಿಗಳ ಗಾತ್ರಕ್ಕೆ ಈ ಬದಲಾವಣೆ ವರ್ಷಕ್ಕೆ ನೂರಾರು ಕೋಟಿ ಡಾಲರ್. ಕೋಡ್‌ನ ಒಂದು ಸಾಲೂ ಇದಕ್ಕೆ ಬೇಕಾಗಲಿಲ್ಲ. ಸವಕಳಿ, ಅದನ್ನು ಪ್ರತಿ ವರ್ಷಕ್ಕೂ ಸಮನಾಗಿ ಹಂಚುವ ಸ್ಟ್ರೈಟ್ ಲೈನ್ ಮೆಥಡ್, ಅಷ್ಟೇ. ಮೆಷಿನ್ ಎಷ್ಟು ವರ್ಷ ಬಾಳುತ್ತದೆ ಅಂತ ಇಂಜಿನಿಯರ್‌ಗಳನ್ನು ಕೇಳಲೇಬೇಕು, ಹೌದು. ಕೇಳಿ ಬಂದು ಲೆಕ್ಕ ಹಾಕುವವರು ನಮ್ಮ ಕಾಮರ್ಸ್‌ನವರು.

ಕೊಡಗಿನವರಿಗೆ ಇದನ್ನು ಇಷ್ಟು ವಿವರಿಸಬೇಕಾಗಿ ಬಂದದ್ದೇ ಆಶ್ಚರ್ಯ. ಕಾಫಿ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಮರ ಹತ್ತಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡಲು ಬರಬೇಕಾ? ಬೇಡ. ಆದರೆ ಮರಗಸಿಗೆ ಎಷ್ಟು ಆಳು, ಎಷ್ಟು ದಿನ, ಮಳೆಗೆ ಮುಂಚೆ ಮುಗಿಯದಿದ್ದರೆ ಏನು ನಷ್ಟ ಅನ್ನುವುದು ಬೆರಳ ತುದಿಯಲ್ಲಿರಬೇಕು. ಫೈನಾನ್ಸ್ ಇಂಟರ್ನ್ ಕೂಡ ಅಷ್ಟೇ.

ಹಾಗಾದರೆ ಏನೂ ಕಲಿಯಬೇಡವಾ? ಕಲಿಯಬೇಕು, ಎಕ್ಸೆಲ್. ಟಕಟಕ ಅಂತ ಸಂಖ್ಯೆ ತುಂಬುವ ಎಕ್ಸೆಲ್ ಅಲ್ಲ. ರಾಶಿ ಸಂಖ್ಯೆಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಪಿವೋಟ್ ಟೇಬಲ್, ಒಂದು ಪಟ್ಟಿಯಿಂದ ಬೇಕಾದ್ದನ್ನು ಹುಡುಕಿ ತರುವ ಲುಕಪ್, ಎರಡು ಶೀಟ್ ಹೋಲಿಸಿ ತಪ್ಪು ಹಿಡಿಯುವುದು, ಇವು ಕಣ್ಣು ಮುಚ್ಚಿ ಬರಬೇಕು. ಎಸ್‌ಎಪಿ, ಒರಾಕಲ್‌ನಂಥ ದೊಡ್ಡ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಎಲ್ಲ ಅಲ್ಲೇ ಹೇಳಿಕೊಡುತ್ತಾರೆ. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್ ಭಾಷೆ ಸ್ವಲ್ಪ ಬಂದರೆ ಡೇಟಾ ಬೇಕಾದಾಗ ಇನ್ನೊಬ್ಬರ ಮುಖ ನೋಡಬೇಕಾಗಿಲ್ಲ. ಪೈಥಾನ್ ಬಂದರೆ ಕೆಟ್ಟದ್ದೇನಿಲ್ಲ, ಆದರೆ ಅದು ಕೊನೆಗೆ.

ಇಂಟರ್‌ವ್ಯೂನಲ್ಲಿ ಕೇಳುವ ಹಳೇ ಪ್ರಶ್ನೆಯೊಂದನ್ನು ಮಗಳ ಮುಂದೆ ಇಡಿ. ಸವಕಳಿ 100 ರೂಪಾಯಿ ಜಾಸ್ತಿಯಾದರೆ ಲಾಭ, ನಗದು, ಆಸ್ತಿ ಮೂರಕ್ಕೂ ಏನಾಗುತ್ತದೆ? ಟ್ಯಾಕ್ಸ್ 25% ಅಂತಿರಲಿ. ತೆರಿಗೆ ಕಳೆದ ಲಾಭ 75 ಇಳಿಯುತ್ತದೆ. ಸವಕಳಿ ಹಾಕಿದ ಆಸ್ತಿಯ ಬೆಲೆ 100 ಇಳಿಯುತ್ತದೆ. ನಗದು ಮಾತ್ರ 25 ಏರುತ್ತದೆ, ತೆರಿಗೆ ಉಳಿಯಿತಲ್ಲ, ಅದಕ್ಕೆ. ಇದನ್ನು ತಡವರಿಸದೆ ಹೇಳುವ ಹುಡುಗಿಗೆ ಯಾವ ಪೈಥಾನ್ ಸರ್ಟಿಫಿಕೇಟೂ ಬೇಡ. (ಇಂಟರ್‌ವ್ಯೂ ಆನ್‌ಲೈನ್, ಅದೂ ಜುಲೈನಲ್ಲಿ ಅಂತಾದರೆ ಮನೆಯ ಕರೆಂಟನ್ನು ನಂಬಬೇಡಿ. ಹಿಂದಿನ ದಿನವೇ ಮೈಸೂರಿಗೆ ನೆಂಟರ ಮನೆಗೆ ಕಳಿಸಿ.)

ಒಂದು ವರ್ಷ ಜಾಸ್ತಿ ಆಯಿತಲ್ಲ ಅನ್ನುವವರಿಗೆ ಎರಡು ಮಾತು. ಎರಡು ತಿಂಗಳು ಹೋದವಳು ಒಂದು ತಿಂಗಳ ಕ್ಲೋಸಿಂಗ್, ಅಂದರೆ ತಿಂಗಳ ಲೆಕ್ಕ ಮುಗಿಸುವುದು, ನೋಡಿ ಬರುತ್ತಾಳೆ. ವರ್ಷ ಪೂರ್ತಿ ಇದ್ದವಳು ನಾಲ್ಕು ಕ್ವಾರ್ಟರ್ (ಮೂರು ತಿಂಗಳಿಗೊಂದು), ಒಂದು ಆಡಿಟ್, ಒಂದು ಬಜೆಟ್ ನೋಡುತ್ತಾಳೆ. ಮೊದಲ ಕ್ವಾರ್ಟರ್‌ನಲ್ಲಿ ಪ್ರೊವಿಷನ್ (ಬರಲಿರುವ ಖರ್ಚಿನ ಅಂದಾಜು) ಹಾಕಿದ್ದು ತಪ್ಪಾಗಿದ್ದರೆ ಮುಂದಿನದರಲ್ಲಿ ಅದು ಅವಳ ಮೇಜಿಗೇ ವಾಪಸ್ ಬರುತ್ತದೆ, ರೆಕೋ ಮಾಡುವಾಗ, ಅಂದರೆ ಎರಡು ಲೆಕ್ಕ ತಾಳೆ ನೋಡುವಾಗ, ಅವಳೇ ಹಿಡಿಯಬೇಕು. ಈ ಪಾಠ ಎರಡು ತಿಂಗಳಲ್ಲಿ ಸಿಗುವುದಿಲ್ಲ.

ಆದರೆ ಯಾವಾಗ ಹೋಗುವುದು ಅನ್ನುವುದನ್ನು ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ ಎರಡನೇ ವರ್ಷ ಮುಗಿಸಿ, ಒಂದು ವರ್ಷ ಕಂಪನಿಯಲ್ಲಿದ್ದು, ವಾಪಸ್ ಬಂದು ಕೊನೆಯ ವರ್ಷ ಓದುವ ಪದ್ಧತಿ ಡಿಗ್ರಿಯ ಒಳಗೇ ಇದೆ. ನೀವು ಆನ್‌ಲೈನ್‌ನಲ್ಲಿ ನೋಡುವ ಅನುಭವಗಳಲ್ಲಿ ಬಹಳಷ್ಟು ಅಲ್ಲಿಯವು. ನಮ್ಮ ಮೂರು ವರ್ಷದ ಬಿ.ಕಾಂ.ನಲ್ಲಿ ಹಾಗೆ ನಡುವೆ ಎದ್ದು ಹೋಗಲು ಜಾಗವಿಲ್ಲ. ಅರ್ಜಿ ಈಗ ಹಾಕಿದರೂ ಸೇರುವುದು ಆರನೇ ಸೆಮಿಸ್ಟರ್ ಮುಗಿದ ಮೇಲೆಯೇ ಅಂತ ಕಂಪನಿಗೆ ಮೊದಲೇ ತಿಳಿಸಲಿ. ಸಿಎ ಮಾಡುವವರಾದರೆ ಆರ್ಟಿಕಲ್‌ಶಿಪ್‌ನ (ಸಿಎ ಕೈಕೆಳಗಿನ ಕಡ್ಡಾಯ ತರಬೇತಿಯ) ಕೊನೆಯ ವರ್ಷದಲ್ಲಿ 9ರಿಂದ 12 ತಿಂಗಳು ಕಂಪನಿಯಲ್ಲಿ ಇಂಡಸ್ಟ್ರಿಯಲ್ ಟ್ರೈನಿಂಗ್ ಮಾಡುವ ದಾರಿಯೂ ಇದೆ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯೂ ಶುರುವಾದಾಗಿನ ನಿಯಮದಂತೆ 12 ತಿಂಗಳಿನದ್ದೇ, ತಿಂಗಳಿಗೆ 5,000 ರೂಪಾಯಿ, ವಯಸ್ಸು 21ರಿಂದ 24. ಫುಲ್ ಟೈಮ್ ಓದುತ್ತಿದ್ದವರಿಗೆ ಆಗ ಅದು ಸಿಗುತ್ತಿರಲಿಲ್ಲ, ಈಗಿನ ನಿಯಮ ನೋಡದೆ ಸುಮ್ನೆ ಕಾಲೇಜಿನಲ್ಲಿ ಕೂತು ಫಾರ್ಮ್ ತುಂಬಬೇಡಿ. ಮತ್ತೆ, ಇಂಟರ್ನ್‌ಶಿಪ್ ಕೊಡಲು ಯಾರಾದರೂ ನಿಮ್ಮಿಂದಲೇ ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ.

ಈಗ ಯಾರೂ ಕೇಳದ, ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ. ಮಗಳು ಅಲ್ಲಿ ಸೇರಿದ ಮೇಲೆ ಆ ಕಂಪನಿಯ ಷೇರು ಅಪ್ಪ ಕೊಳ್ಳಬಹುದಾ?

ನಗಬೇಡಿ. ಕಾಫಿಗೆ ರೇಟ್ ಬಂದ ಮೇಲೆ ನಮ್ಮಲ್ಲಿ ಡಿಮ್ಯಾಟ್ ಖಾತೆ ಇಲ್ಲದ ಮನೆ ಹುಡುಕಬೇಕು. ಮದುವೆ ಮನೆಯ ಊಟದ ಹೊತ್ತಿಗೆ "ಈ ಸಲ ರಿಸಲ್ಟ್ ಹೇಗಿದೆ ಮಗಾ?" ಅಂತ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಕಂಪನಿ ಭಾರತದಲ್ಲಿ ಲಿಸ್ಟ್ ಆಗಿದ್ದರೆ ಷೇರುಪೇಟೆಯ ಮೇಲೆ ನಿಗಾ ಇಡುವ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ (ಒಳಗಿನ ಸುದ್ದಿ ಹಿಡಿದು ಷೇರು ವ್ಯವಹಾರ ಮಾಡುವುದರ) ನಿಯಮ ಇಲ್ಲಿ ಬರುತ್ತದೆ. ಕ್ವಾರ್ಟರ್ ಮುಗಿದ ದಿನದಿಂದ ಫಲಿತಾಂಶ ಹೊರಬಂದು 48 ಗಂಟೆ ಆಗುವವರೆಗೆ, ಒಳಗಿನ ಲೆಕ್ಕ ಗೊತ್ತಿರುವವರು ಅಂತ ಕಂಪನಿ ಗುರುತಿಸಿದ ಯಾರೂ ಅದರ ಷೇರು ಮುಟ್ಟುವಂತಿಲ್ಲ. ಫೈನಾನ್ಸ್ ವಿಭಾಗದವರ ಹೆಸರು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುತ್ತದೆ. ಅವರನ್ನು ಆರ್ಥಿಕವಾಗಿ ಅವಲಂಬಿಸಿದ, ಅಥವಾ ಷೇರಿನ ವಿಷಯದಲ್ಲಿ ಅವರನ್ನು ಕೇಳಿ ನಡೆಯುವ ತಂದೆತಾಯಿ, ಒಡಹುಟ್ಟಿದವರಿಗೂ ಇದು ಅನ್ವಯಿಸುತ್ತದೆ. ಫಲಿತಾಂಶದ ಸುಳಿವು ಹಿಡಿದು ವ್ಯವಹಾರ ಮಾಡಿದರೆ ದಂಡ ಕಡಿಮೆಯೆಂದರೆ 10 ಲಕ್ಷ ರೂಪಾಯಿ. ಇಂಟರ್ನ್ ತಾನೇ ಅಂತ ರಿಯಾಯಿತಿ ಇಲ್ಲ.

ನಿಮ್ಮ ಬಳಿ ಆ ಷೇರು ಮೊದಲೇ ಇದ್ದರೆ ಗಾಬರಿ ಬೇಡ, ಇಟ್ಟುಕೊಳ್ಳುವುದು ತಪ್ಪಲ್ಲ. ಸೇರುವ ದಿನ ಕೊಡುವ ಫಾರ್ಮ್‌ನಲ್ಲಿ ಅದನ್ನು ಕೇಳಿದ್ದರೆ ಮುಚ್ಚಿಡದೆ ಬರೆಸಿ. ಮಾರುವ ಮುಂಚೆ ಮಗಳು ಈ ನಿಯಮಗಳನ್ನು ನೋಡಿಕೊಳ್ಳುವ ಕಂಪನಿಯ ಕಂಪ್ಲಯನ್ಸ್ ಆಫೀಸರ್‌ಗೆ ಒಂದು ಮೇಲ್ ಹಾಕಿ, ವಿಂಡೋ (ಷೇರು ಕೊಳ್ಳಲು, ಮಾರಲು ಬಿಡುವ ಅವಧಿ) ತೆರೆದಿದೆಯಾ, ಅನುಮತಿ ಬೇಕಾ ಅಂತ ಕೇಳಿಕೊಳ್ಳಲಿ. ಆ ಮದುವೆ ಮನೆಯ ಪ್ರಶ್ನೆಗೆ ಅವಳು "ಗೊತ್ತಿಲ್ಲ ಮಾವ" ಅಂದರೆ ದಯವಿಟ್ಟು ಮತ್ತೆ ಕೆದಕಬೇಡಿ.