ಇನ್‌ಕ್ಯುಬೇಟರ್: ಕೌದಿ ಯಾಕೆ ಸಾಲದು?

ಹುಬ್ಬಳ್ಳಿಯಲ್ಲಿ ಶಿಶು ಘಟಕದ ಪೋಸ್ಟಿಂಗ್‌ನಲ್ಲಿದ್ದಾಗ ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆಯಲ್ಲಿದ್ದ ಕೂಸನ್ನು ನೋಡಿ ಕುಂದಗೋಳ ಕಡೆಯ ಅಜ್ಜಿಯೊಬ್ಬರು ಕೇಳಿದರು: ‘ಯವ್ವಾ, ಎರಡು ಕೌದಿ ಹೊಚ್ಚಿದ್ರ ಸಾಲೂದಿಲ್ಲೇನ? ಪೆಟಗ್ಯಾಗ ಯಾಕ ಇಟ್ಟೀರಿ?’ ಮೌಖಿಕ ಪರೀಕ್ಷೆಯಲ್ಲೂ (ವೈವಾ) ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ.

ಕೌದಿ ಇರುವ ಕಾವನ್ನು ಹಿಡಿದಿಡುತ್ತದೆ, ಹುಟ್ಟಿಸುವುದಿಲ್ಲ. 37 ವಾರ ತುಂಬುವ ಮೊದಲೇ ಹುಟ್ಟಿದ ಕೂಸಿನಲ್ಲಿ ಕಾವು ಹುಟ್ಟಿಸುವ ಕಂದು ಕೊಬ್ಬು ಕಡಿಮೆ. ದಿನ ಎಷ್ಟು ಮುಂಚೆಯೋ ಅಷ್ಟು ಕಡಿಮೆ. ಥಂಡಿಯಾದರೆ ನಡುಗಲೂ ಬಾರದು. ಕುಡಿದ ಹಾಲೆಲ್ಲ ಮೈ ಬೆಚ್ಚಗಿಡುವುದಕ್ಕೇ ಹೋದರೆ ತೂಕ ಏರುವುದೆಲ್ಲಿಂದ? ಪೆಟ್ಟಿಗೆ ಆ ಖರ್ಚು ಉಳಿಸುತ್ತದೆ. ತೆಳು ಚರ್ಮದಿಂದ ನೀರು ಆರದಂತೆ ಒಳಗಿನ ತೇವವನ್ನೂ ಕಾಯುತ್ತದೆ.

ಕಾವು ಕಳೆಯುವ ನಾಲ್ಕು ದಾರಿ ಓದುವವರೆಲ್ಲರಿಗೂ ಬಾಯಿಪಾಠ: ಮೈಗೆ ತಾಗಿದ ತಣ್ಣನೆಯ ವಸ್ತುವಿಗೆ, ಸುಳಿಯುವ ಗಾಳಿಗೆ, ಚರ್ಮದ ನೀರು ಆರುವಾಗ, ಮತ್ತು ತಾಗದೆಯೇ ಸುತ್ತಲಿನ ತಣ್ಣನೆಯ ವಸ್ತುಗಳಿಗೆ, ಅಂದರೆ ವಿಕಿರಣ. ಎಡವುವುದು ವಿಕಿರಣದಲ್ಲಿ. ಒಳಗಿನ ಗಾಳಿ ಬೆಚ್ಚಗಿದ್ದರೂ ಪೆಟ್ಟಿಗೆಯ ಗೋಡೆ ತಣ್ಣಗಿದ್ದರೆ ಕೂಸಿನ ಕಾವು ಅತ್ತ ಹೋಗುತ್ತದೆ. ಜೋಡಿ ಗೋಡೆ ಇರುವುದು ಅದಕ್ಕೇ. ಬೇಸಿಗೆಯಲ್ಲಿ ಉಲ್ಟಾ: ಕಿಟಕಿಯ ಬಿಸಿಲು ನೇರ ಬಿದ್ದರೆ, ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಹಾಗೆ ಒಳಗೆಲ್ಲ ಕಾಯುತ್ತದೆ.

ಇನ್ನು ಪ್ರೋಬ್, ಅಂದರೆ ಕೂಸಿನ ಚರ್ಮಕ್ಕೆ ಅಂಟಿಸುವ ಕಾವು ಅಳೆಯುವ ತಂತಿ. ಅದರ ಅಂಕಿ ನೋಡಿ ಯಂತ್ರವೇ ಹೀಟರ್ ಏರಿಸಿ ಇಳಿಸುವ ಸ್ಕಿನ್ ಮೋಡ್‌ನಲ್ಲಿ ಯಂತ್ರಕ್ಕೆ ಕೂಸು ಕಾಣುವುದಿಲ್ಲ, ಪ್ರೋಬ್ ಹೇಳಿದ್ದೇ ಸತ್ಯ. ಅಂಗಾತ ಮಲಗಿದ್ದರೆ ಹೊಟ್ಟೆಯ ಬಲ ಮೇಲ್ಭಾಗಕ್ಕೆ ಅಂಟಿಸಬೇಕು. ಎಲುಬಿನ ಮೇಲಲ್ಲ, ಮೈ ಕೆಳಗೂ ಅಲ್ಲ. ಒಮ್ಮೆ ನಾನು ಡೈಪರ್ ಬದಲಿಸುವಾಗ ಅದು ಅರ್ಧ ಕಿತ್ತುಬಂದದ್ದು ಗೊತ್ತಾಗಲಿಲ್ಲ. ಪ್ರೋಬ್ ಗಾಳಿಗೆ ತಣ್ಣಗಾಯಿತು, ಯಂತ್ರ ಕೂಸೇ ತಣ್ಣಗಾಯಿತೆಂದು ಹೀಟರ್ ಏರಿಸಿತು. ಪರದೆಯಲ್ಲಿ 36, ಕಂಕುಳಲ್ಲಿ 37.9! ಇರಬೇಕಾದ್ದು 36.5ರಿಂದ 37.5. ಸಿಸ್ಟರ್ ಬೈದದ್ದು ಸರಿಯೇ. ಅಂದಿನಿಂದ ಪರದೆಯ ಅಂಕಿಯನ್ನು ಕಂಕುಳ ಥರ್ಮಾಮೀಟರಿಗೆ ತಾಳೆ ನೋಡದೆ ಬರೆದುಕೊಂಡಿಲ್ಲ.

ಇತಿಹಾಸ ಕೇಳಿದರೆ: 1880ರ ಸುಮಾರಿಗೆ ಪ್ಯಾರಿಸ್‌ನ ವೈದ್ಯ ತಾರ್ನಿಯೇ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ನೋಡಿ ಕೂಸಿಗೂ ಮಾಡಿಸಿದ. ಅಷ್ಟು ಸಾಕು.

ಪೆಟ್ಟಿಗೆ ಇದೆಯೆಂದು ತಾಯಿಯನ್ನು ಹೊರಗೆ ಕೂಡಿಸುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಎದೆಗೆ ಎದೆ ತಾಗಿಸಿ ಹಿಡಿಯುವ ಕಾಂಗರೂ ಆರೈಕೆಯನ್ನು ದಿನಕ್ಕೆ 8ರಿಂದ 24 ಗಂಟೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ವೆಂಟಿಲೇಟರ್ ಬೇಕಾದ ಅಥವಾ ಶಾಕ್‌ನಲ್ಲಿರುವ (ರಕ್ತ ಸಂಚಾರ ಕುಸಿದ) ಕೂಸುಗಳಿಗೆ ಮಾತ್ರ ಕಾಯಬೇಕು. ಅಜ್ಜಿಗೆ ಇದನ್ನು ಹೇಳಿದಾಗ ಮೊದಲು ನಂಬಲಿಲ್ಲ. ಮರುದಿನ ತಾವೇ ಹೊಲಿದ ಕುಂಚಗಿ ತಂದು, ‘ತಲಿಗಿ ಇದನ್ನ ಹಾಕ್ರಿ, ತಲಿಯಿಂದನ ಭಾಳ ಥಂಡಿ ಹತ್ತತೈತಿ’ ಅಂದರು. ಪುಸ್ತಕದಲ್ಲೂ ಅದೇ ಇದೆ.