1989ರಲ್ಲಿ ಜನತಾದಳ ಸೋತದ್ದು ಹೇಗೆ, 1994ರಲ್ಲಿ ಎದ್ದದ್ದು ಹೇಗೆ

ಪರೀಕ್ಷೆಗೆ ಓದುವಾಗ ನಾವು ಸಾಮಾನ್ಯವಾಗಿ ಸ್ಥಾನಗಳನ್ನಷ್ಟೇ ಬಾಯಿಪಾಠ ಮಾಡುತ್ತೇವೆ. ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ 1985ರಲ್ಲಿ 139, ಆ ಪಕ್ಷದ ಬಹುಪಾಲು ಸೇರಿ ಆದ ಜನತಾದಳಕ್ಕೆ 1989ರಲ್ಲಿ 24, 1994ರಲ್ಲಿ 115. ಇಷ್ಟನ್ನೇ ನೋಡಿದರೆ ಮತದಾರ ಚಂಚಲ ಎನಿಸುತ್ತದೆ. ಪಕ್ಕದಲ್ಲಿ ಮತಪ್ರಮಾಣವನ್ನೂ ಬರೆದುಕೊಳ್ಳಿ, ಕಥೆಯೇ ಬೇರೆಯಾಗುತ್ತದೆ.

1989ರಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ. 44, ಜನತಾದಳಕ್ಕೆ ಶೇ. 27. ದೇವೇಗೌಡರು ಹಳೆಯ ಜನತಾ ಪಕ್ಷದಲ್ಲೇ ಉಳಿದಿದ್ದರು. ಆ ಪಕ್ಷಕ್ಕೆ ಶೇ. 11 ಮತ ಬಂದರೂ ದಕ್ಕಿದ್ದು ಎರಡೇ ಸ್ಥಾನ. ಹೊಳೆನರಸೀಪುರದಲ್ಲಿ ಸ್ವತಃ ಗೌಡರೇ ಸೋತರು. ಒಂದು ಕ್ಷೇತ್ರದಲ್ಲಿ ನೂರು ಮತ ಎಂದುಕೊಳ್ಳಿ. ಒಬ್ಬನಿಗೆ 42 ಬಿದ್ದು, ಒಂದೇ ಮನೆಯ ಇಬ್ಬರು 30 ಮತ್ತು 15 ಹಂಚಿಕೊಂಡರೆ ಗೆಲುವು 42ರವನದು. ಒಡೆದ ಮನೆಯ ಆ 45 ಮತ ಲೆಕ್ಕಕ್ಕೇ ಬರುವುದಿಲ್ಲ. ದೂರವಾಣಿ ಕದ್ದಾಲಿಕೆ ವಿವಾದದಿಂದ 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ರಾಜೀನಾಮೆ, 1989ರ ಏಪ್ರಿಲ್‌ನಲ್ಲಿ ಅವರ ನಂತರ ಬಂದ ಎಸ್.ಆರ್. ಬೊಮ್ಮಾಯಿ ಸರ್ಕಾರದ ವಜಾ, ಇವೂ ಪೆಟ್ಟು ಕೊಟ್ಟವು. ಆದರೆ ಪಕ್ಷವನ್ನು ನೆಲಕಚ್ಚಿಸಿದ್ದು ಒಡಕು ಎಂಬುದು ನನ್ನ ಓದು.

ಚೇತರಿಕೆಯ ಭಾಗದಲ್ಲಿ ಹೆಚ್ಚಿನವರು ಎಡವುತ್ತಾರೆ. 1994ರಲ್ಲಿ ಗೆದ್ದ ಜನತಾದಳದ ಮತ ಶೇ. 33ರ ಆಸುಪಾಸು ಮಾತ್ರ. 1989ರಲ್ಲಿ ಎರಡೂ ಬಣ ಸೇರಿ ಪಡೆದದ್ದಕ್ಕಿಂತ ಇದು ಕಡಿಮೆ! ಗೌಡರು, ಹೆಗಡೆ, ಬೊಮ್ಮಾಯಿ ಮತ್ತೆ ಒಂದೇ ಪಕ್ಷದಲ್ಲಿದ್ದರು; ಈ ಸಲ ಒಡೆದದ್ದು ಎದುರಿನ ಮನೆ, ಅಂದರೆ ಕಾಂಗ್ರೆಸ್. 1990ರಲ್ಲಿ ಅನಾರೋಗ್ಯದಲ್ಲಿದ್ದ ವೀರೇಂದ್ರ ಪಾಟೀಲರನ್ನು ಮುಖ್ಯಮಂತ್ರಿ ಸ್ಥಾನದಿಂದ ಇಳಿಸುವ ತೀರ್ಮಾನವನ್ನು ರಾಜೀವ್ ಗಾಂಧಿ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಪ್ರಕಟಿಸಿದರು. ಪಾಟೀಲರ ಸಮುದಾಯವಾದ ಲಿಂಗಾಯತರಲ್ಲಿ ಅದು ಆಳವಾದ ನೋವು ಉಳಿಸಿತು. ಅನಂತರ ಬಂಗಾರಪ್ಪ, ಮೊಯಿಲಿ ಮುಖ್ಯಮಂತ್ರಿಗಳಾದರು. ಬಂಗಾರಪ್ಪನವರು ಕಾಂಗ್ರೆಸ್ ತೊರೆದು ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷ 10 ಸ್ಥಾನ ಗೆದ್ದಿತು, ಬಿಜೆಪಿ 4ರಿಂದ 40ಕ್ಕೆ ಏರಿತು, ಕಾಂಗ್ರೆಸ್ 178ರಿಂದ 34ಕ್ಕೆ ಕುಸಿಯಿತು.

ಒಂದು ಎಚ್ಚರಿಕೆ: ಬಣಗಳ ಮತ ಕಾಗದದ ಮೇಲೆ ಕೂಡಿದಷ್ಟು ಸಲೀಸಾಗಿ ನೆಲದ ಮೇಲೆ ಕೂಡುವುದಿಲ್ಲ. ಪರೀಕ್ಷೆಯ ಉತ್ತರದಲ್ಲಿ ಇದನ್ನು ತಪ್ಪದೆ ಬರೆಯಿರಿ.

1999ರಲ್ಲಿ ದಳ ಮತ್ತೆ ಎರಡಾಯಿತು: ಸಂಯುಕ್ತ ದಳಕ್ಕೆ 18, ಜಾತ್ಯತೀತ ದಳಕ್ಕೆ 10, ಕಾಂಗ್ರೆಸ್ಸಿಗೆ 132. ಆ ವರ್ಷದ ಮತಪ್ರಮಾಣ ಹುಡುಕಿ, ಇದೇ ಲೆಕ್ಕವನ್ನು ನೀವೇ ಬಿಡಿಸಿ ನೋಡಿ.